ಮೇಷ್ಟ್ರೇ, ಆ 1,200 ರೂಪಾಯಿ ಸ್ವಲ್ಪ ತಡೆದುಕೊಳ್ಳಿ

ಪ್ರಶ್ನೆ: ನಾನು ಶಿರಸಿ ಕಡೆಯ ನಿವೃತ್ತ ಮೇಷ್ಟ್ರು. ಮೂರು ತಿಂಗಳ ಹಿಂದೆ ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ. ಅದರ ಜೊತೆಗೇ ಬಂದಿದ್ದ ಆಂಟಿವೈರಸ್‌ನ ಟ್ರಯಲ್ ಮುಗಿದಿದೆ. ಈಗ ದಿನಕ್ಕೆ ಹತ್ತು ಸಲ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಅಂತ ಬರುತ್ತದೆ. ಅಂಗಡಿಯವರು 1,200 ರೂಪಾಯಿಯ ಆಂಟಿವೈರಸ್ ಹಾಕಿಸಿಕೊಳ್ಳಿ ಅನ್ನುತ್ತಾರೆ, ಬೆಂಗಳೂರಿನಲ್ಲಿರುವ ಮಗ ಏನೂ ಬೇಡ ಅನ್ನುತ್ತಾನೆ. ನಾನು ಮಾಡುವುದು ಬ್ಯಾಂಕ್ ಕೆಲಸ, ಕನ್ನಡ ಟೈಪಿಂಗ್, ಯೂಟ್ಯೂಬ್ ಅಷ್ಟೇ. ಪೆನ್ ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗುವುದುಂಟು. ಹಳೇ ಡೆಸ್ಕ್‌ಟಾಪ್ ಕೂಡ ಒಂದಿದೆ, ವಿಂಡೋಸ್ 10, 4 ಜಿಬಿ ರ‍್ಯಾಮ್. ಯಾವ ಆಂಟಿವೈರಸ್ ಒಳ್ಳೆಯದು?

ಉತ್ತರ: ಮೇಷ್ಟ್ರೇ, ಲ್ಯಾಪ್‌ಟಾಪ್ ಮಟ್ಟಿಗೆ ನಿಮ್ಮ ಮಗ ಹೇಳಿದ್ದು ಮುಕ್ಕಾಲು ಪಾಲು ಸರಿ. ‘ಏನೂ ಬೇಡ’ ಅಂದಿದ್ದು ಮಾತ್ರ ತಪ್ಪು, ಯಾಕೆಂದರೆ ಆಂಟಿವೈರಸ್ ಬೇಕೇ ಬೇಕು. ಆದರೆ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಲೇ ಇದೆ. ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟಾಗ ಅದಕ್ಕೂ ಸೇರಿಸಿಯೇ ಕೊಟ್ಟಿದ್ದೀರಿ. ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ಅದು ವಿಂಡೋಸ್ ಒಳಗೇ ಬರುತ್ತಿದೆ. ನಿಮ್ಮದರಲ್ಲಿ ಅದು ಮಲಗಿದೆ ಅಷ್ಟೇ. ಬೇರೆ ಕಂಪನಿಯ ಆಂಟಿವೈರಸ್ ಒಳಗೆ ಬಂದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಒಂದು ಮನೆಗೆ ಇಬ್ಬರು ಕಾವಲುಗಾರರು ಇದ್ದರೆ ಕಳ್ಳನನ್ನು ಬಿಟ್ಟು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ ಅನ್ನೋ ಕಾರಣಕ್ಕೆ. ಈಗ ನಿಮ್ಮಲ್ಲಿ ಆಗಿರುವುದು ಏನೆಂದರೆ, ಬಂದ ಕಾವಲುಗಾರ ಸಂಬಳ ಕೊಡಿ ಅಂತ ಬಾಗಿಲಲ್ಲೇ ಕೂತು ಕೂಗುತ್ತಿದ್ದಾನೆ.

ಮೊದಲ ಕೆಲಸ, ಆ ಟ್ರಯಲ್ ಮುಗಿದದ್ದನ್ನು ತೆಗೆಯಿರಿ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್, ಅಲ್ಲಿ ಅದರ ಹೆಸರು ಹುಡುಕಿ ಅನ್‌ಇನ್‌ಸ್ಟಾಲ್ ಒತ್ತಿ. ‘ಹೋಗಬೇಡಿ, ಅರ್ಧ ಬೆಲೆಗೆ ಕೊಡುತ್ತೇವೆ’ ಅಂತ ಒಂದೆರಡು ಕಿಟಕಿ ತೆರೆಯುತ್ತವೆ, ಕರಗಬೇಡಿ. ಕೆಲವು ಸಲ ಹೀಗೆ ತೆಗೆದರೂ ಬೇರು ಉಳಿಯುತ್ತದೆ, ಅದಕ್ಕೆ ಮ್ಯಾಕಫೀ, ನಾರ್ಟನ್ ತರದ ದೊಡ್ಡ ಕಂಪನಿಗಳೇ ತಮ್ಮ ಸೈಟಿನಲ್ಲಿ ಬೇರು ಸಮೇತ ಕೀಳುವ ಟೂಲ್ ಇಟ್ಟಿರುತ್ತವೆ. ಆಮೇಲೆ ರೀಸ್ಟಾರ್ಟ್ ಮಾಡಿ, ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯೂರಿಟಿ’ ಅಂತ ಟೈಪ್ ಮಾಡಿ ತೆರೆಯಿರಿ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಮೇಲೆ ಹಸಿರು ಟಿಕ್ ಇದ್ದರೆ ಡಿಫೆಂಡರ್ ಎದ್ದಿದೆ ಅಂತ ಅರ್ಥ.

ಇಲ್ಲೊಂದು ಅನುಮಾನ ಇದೆ ನನಗೆ. ದಿನಕ್ಕೆ ಹತ್ತು ಸಲ ಅಂದಿರಲ್ಲ, ಅಷ್ಟೂ ಆ ಆಂಟಿವೈರಸ್‌ನದೇ ಇರಲಿಕ್ಕಿಲ್ಲ. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಬರುತ್ತಲ್ವಾ, ಮುಂದಿನ ಸಲ ಬಂದಾಗ ಮುಚ್ಚುವ ಮೊದಲು ಅದರ ಸಣ್ಣ ಅಕ್ಷರಗಳನ್ನು ಓದಿ. ‘ಗೂಗಲ್ ಕ್ರೋಮ್’ ಅಂತಲೂ, ಜೊತೆಗೆ ತಲೆಬುಡವಿಲ್ಲದ ಒಂದು ವೆಬ್‌ಸೈಟ್ ಹೆಸರೂ ಇದ್ದರೆ ಅದು ಆಂಟಿವೈರಸ್ ಎಚ್ಚರಿಕೆಯೇ ಅಲ್ಲ. ಯಾವತ್ತೋ ಒಂದು ಸೈಟಿನಲ್ಲಿ ಸಿನಿಮಾನೋ ಧಾರಾವಾಹಿನೋ ನೋಡಲು ಹೋದಾಗ ‘ಅಲೌ’ ಒತ್ತಿ ಅಂತ ಕೇಳಿರುತ್ತದೆ, ಮನೆಯಲ್ಲಿ ಯಾರೋ ಒತ್ತಿರುತ್ತಾರೆ. ಅಲ್ಲಿಂದ ಅವರು ದಿನಾ ‘5 ವೈರಸ್ ಸಿಕ್ಕಿದೆ’ ಅಂತ ಕಳಿಸುತ್ತಲೇ ಇರುತ್ತಾರೆ. ಜೊತೆಗೆ ಹೆಸರಾಂತ ಕಂಪನಿಯ ಲೋಗೋ ಕೂಡ ಕದ್ದು ಹಾಕಿರುತ್ತಾರೆ. ನನ್ನ ಅಂಗಡಿಗೆ ‘ವೈರಸ್ ಬಂದಿದೆ’ ಅಂತ ಹೊತ್ತು ತರುವ ಲ್ಯಾಪ್‌ಟಾಪ್‌ಗಳಲ್ಲಿ ಈ ರೋಗದ್ದೇ ದೊಡ್ಡ ಪಾಲು, ಗುಣ ಮಾಡಲು ಎರಡು ನಿಮಿಷ ಸಾಕು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ, ಅಲೌ ಪಟ್ಟಿಯಲ್ಲಿ ಗುರುತಿಲ್ಲದ ಹೆಸರನ್ನೆಲ್ಲ ತೆಗೆದುಬಿಡಿ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲು ನಾಚಿಕೆ ಆಗುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪುಕ್ಕಟೆ ಸಿಗುವ ಡಿಫೆಂಡರ್ ಸಾಕಾ?

ಅಂಗಡಿಯವರು ಸಾಲದು ಅನ್ನುವುದಕ್ಕೆ ಒಂದು ಹಳೇ ಕಾರಣ ಇದೆ, ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್ ಅಂತ ಒಂದು ಲ್ಯಾಬ್ ಇದೆ, ಆಂಟಿವೈರಸ್‌ಗಳಿಗೆ ಪರೀಕ್ಷೆ ಇಟ್ಟು ಅಂಕ ಕೊಡುವುದೇ ಅವರ ಕೆಲಸ. ನಿಮಗೆ ಅರ್ಥವಾಗುವ ವಿಷಯವೇ. ಮೂರು ಪೇಪರ್: ವೈರಸ್ ಎಷ್ಟು ಹಿಡಿಯುತ್ತದೆ, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡುತ್ತದೆ, ಒಳ್ಳೇ ಫೈಲನ್ನೂ ಕಳ್ಳ ಅಂತ ಸುಮ್ಮನೆ ಎಷ್ಟು ಸಲ ಕೂಗುತ್ತದೆ. ಒಂದೊಂದಕ್ಕೆ 6, ಒಟ್ಟು 18. ವಿಂಡೋಸ್ 7 ಕಾಲದಲ್ಲಿ ಮೈಕ್ರೋಸಾಫ್ಟ್‌ನ ಪುಕ್ಕಟೆ ಆಂಟಿವೈರಸ್ ‘ಸೆಕ್ಯೂರಿಟಿ ಎಸೆನ್ಷಿಯಲ್ಸ್’ 2012ರಲ್ಲಿ ಈ ಪರೀಕ್ಷೆಯಲ್ಲಿ ಫೇಲ್ ಆಗಿ ಸರ್ಟಿಫಿಕೇಟ್ ಕಳೆದುಕೊಂಡಿತ್ತು. ಆಗ ನಾನೂ ಬಂದವರಿಗೆಲ್ಲ ‘ದುಡ್ಡು ಕೊಟ್ಟು ಬೇರೆ ಹಾಕಿಸಿ’ ಅಂತಲೇ ಹೇಳುತ್ತಿದ್ದೆ. ಆಮೇಲೆ ಆ ಹುಡುಗ ಸುಧಾರಿಸಿದ. ಈಚಿನ ವರ್ಷಗಳಲ್ಲಿ ಡಿಫೆಂಡರ್‌ಗೆ ಬಹಳ ಸಲ 18ಕ್ಕೆ 18 ಅಥವಾ ಅದರ ಆಸುಪಾಸು ಅಂಕ ಬರುತ್ತಿದೆ, ದುಡ್ಡಿನ ಆಂಟಿವೈರಸ್‌ಗಳಿಗೂ ಅಷ್ಟೇ. ತರಗತಿಯಲ್ಲಿ ಎಲ್ಲರೂ ಡಿಸ್ಟಿಂಕ್ಷನ್ ಆದಮೇಲೆ ಮೊದಲ ರ‍್ಯಾಂಕ್ ಯಾರು ಅಂತ ಜಗಳ ಆಡುವುದರಲ್ಲಿ ಏನಿದೆ ಹೇಳಿ.

ಹಾಗಂತ ಡಿಫೆಂಡರ್‌ಗೆ ದೌರ್ಬಲ್ಯ ಇಲ್ಲ ಅಂತಲ್ಲ. ಇದು ನಮ್ಮ ಕಡೆಯವರಿಗೆ ಮುಖ್ಯ, ಗಮನವಿಟ್ಟು ಓದಿ. ಆಸ್ಟ್ರಿಯಾದಲ್ಲಿ ಎವಿ-ಕಂಪ್ಯಾರಟಿವ್ಸ್ ಅನ್ನುವ ಇನ್ನೊಂದು ಲ್ಯಾಬ್ ಇದೆ. ಅವರು ನೆಟ್ ಇದ್ದಾಗ ಒಂದು ಸಲ, ನೆಟ್ ಕಿತ್ತು ಒಂದು ಸಲ ಪರೀಕ್ಷೆ ಮಾಡುತ್ತಾರೆ. ನೆಟ್ ಇದ್ದಾಗ ಡಿಫೆಂಡರ್ ಜೋರು, ನೆಟ್ ಇಲ್ಲದಾಗ ಹಲವು ಆಂಟಿವೈರಸ್‌ಗಳಿಗಿಂತ ಎದ್ದು ಕಾಣುವಷ್ಟು ಹಿಂದೆ ಬೀಳುತ್ತದೆ. ಕಾರಣ ಸರಳ. ಗುರುತಿಲ್ಲದ ಫೈಲ್ ಕಂಡರೆ ಅದು ಮೈಕ್ರೋಸಾಫ್ಟ್‌ನ ಸರ್ವರ್‌ಗೆ ‘ಇವನು ಯಾರು, ಗೊತ್ತಾ?’ ಅಂತ ಕೇಳುತ್ತದೆ, ಉತ್ತರ ಅಲ್ಲಿಂದ ಬರಬೇಕು. ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ, ಟವರೂ ಮಲಗುತ್ತದೆ, ಬರುವುದು ಯಾವಾಗಲೋ. ಅಂಥ ಹೊತ್ತಿನಲ್ಲಿ ಜೆರಾಕ್ಸ್ ಅಂಗಡಿಯಿಂದ ತಂದ ಪೆನ್ ಡ್ರೈವ್ ಚುಚ್ಚಬೇಡಿ. ನೆಟ್ ಬರುವವರೆಗೆ ಅದು ಅಂಗಿ ಜೇಬಿನಲ್ಲೇ ಇರಲಿ.

ಪೆನ್ ಡ್ರೈವ್ ವಿಷಯ ಬಂತಲ್ಲ, ನನ್ನ ಟೇಬಲ್‌ಗೆ ವಾರಕ್ಕೆ ಎರಡಾದರೂ ಬರುತ್ತವೆ. ತೆರೆದರೆ ಫೋಲ್ಡರ್‌ಗಳೆಲ್ಲ ಇವೆ, ಹೆಸರೂ ಸರಿಯಿದೆ, ಆದರೆ ಪ್ರತಿ ಫೋಲ್ಡರ್ ಚಿತ್ರದ ಎಡಮೂಲೆಯಲ್ಲಿ ಒಂದು ಪುಟ್ಟ ಬಾಗಿದ ಬಾಣ. ‘ಮಗಳ ಮದುವೆ ಫೋಟೋ’ ಅನ್ನುವ ಫೋಲ್ಡರ್‌ನ ಸೈಜ್ ನೋಡಿದರೆ 2 ಕೆಬಿ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಅಸಲಿ ಫೋಲ್ಡರನ್ನು ವೈರಸ್ ಮರೆ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ನೀವು ಡಬಲ್ ಕ್ಲಿಕ್ ಮಾಡಿದರೆ ಫೋಟೋಗಳೂ ತೆರೆಯುತ್ತವೆ, ವೈರಸ್ಸೂ ನಿಮ್ಮ ಕಂಪ್ಯೂಟರ್‌ಗೆ ಇಳಿಯುತ್ತದೆ. ಅನುಮಾನವೇ ಬರುವುದಿಲ್ಲ ನೋಡಿ! ಜನ ಹೆದರಿ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿಬಿಡುತ್ತಾರೆ, ಅಲ್ಲಿಗೆ ಫೋಟೋನೂ ಹೋಯಿತು. ಹಾಗೆ ಮಾಡಬೇಡಿ. ಮೊದಲು ಡಿಫೆಂಡರ್‌ನಲ್ಲಿ ಪೆನ್ ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಮರೆಯಾದ ಫೈಲುಗಳನ್ನು ತೋರಿಸು ಅನ್ನುವುದನ್ನು ಒತ್ತಿ, ಅದರ ಕೆಳಗೇ ಆಪರೇಟಿಂಗ್ ಸಿಸ್ಟಮ್ ಫೈಲುಗಳನ್ನು ಅಡಗಿಸು ಅನ್ನುವ ಟಿಕ್ ತೆಗೆಯಿರಿ. ಮಸುಕಾದ ಬಣ್ಣದಲ್ಲಿ ಅಸಲಿ ಫೋಲ್ಡರ್‌ಗಳು ಕಾಣಿಸಿಕೊಳ್ಳುತ್ತವೆ. ಒಳಗಿನದನ್ನು ಕಾಪಿ ಮಾಡಿಕೊಂಡ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ, ಆ ಟಿಕ್ ವಾಪಸ್ ಹಾಕುವುದನ್ನು ಮರೆಯಬೇಡಿ. ಪ್ರಿಂಟ್ ಒಂದೇ ಬೇಕಾಗಿದ್ದರೆ ಪಿಡಿಎಫ್ ಮಾಡಿ ಅಂಗಡಿಯವರಿಗೆ ವಾಟ್ಸಾಪ್ ಮಾಡಿದರೆ ಮುಗಿಯಿತು, ಪೆನ್ ಡ್ರೈವ್ ಯಾಕೆ ಬೇಕು?

ಹಾಗಾದರೆ ದುಡ್ಡಿನ ಆಂಟಿವೈರಸ್ ಯಾರಿಗೂ ಬೇಡವಾ ಅಂದರೆ, ಬೇಕು. ಆ ಜೆರಾಕ್ಸ್ ಅಂಗಡಿಯವನಿಗೇ ಬೇಕು! ದಿನಕ್ಕೆ ನಲವತ್ತು ಜನರ ಪೆನ್ ಡ್ರೈವ್ ಚುಚ್ಚುವವನಿಗೆ, ನೆಟ್ ಸರಿ ಇಲ್ಲದ ಜಾಗದ ಡಿಟಿಪಿ ಸೆಂಟರ್‌ಗೆ, ನಾಲ್ಕಾರು ಕಂಪ್ಯೂಟರ್ ಇರುವ ಸಣ್ಣ ಆಫೀಸಿಗೆ ನಾನೇ ಹಾಕಿಕೊಡುತ್ತೇನೆ. ಇನ್ನು ಕೆಲವರಿಗೆ, ಏನಾದರೂ ಆದಾಗ ಫೋನ್ ಮಾಡಿ ಕೇಳಲು ಒಬ್ಬರು ಇರಬೇಕು ಅನ್ನುವುದೇ ದೊಡ್ಡ ವಿಷಯ. ಅದೂ ನ್ಯಾಯವೇ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಕ್ವಿಕ್ ಹೀಲ್ ಶುರುವಾಗಿದ್ದು ಪುಣೆಯ ಒಂದು ರಿಪೇರಿ ಅಂಗಡಿಯಲ್ಲಿ, ಅಣ್ಣ ಕೈಲಾಶ್ ಕಾಟ್ಕರ್ ರಿಪೇರಿ ಮಾಡುತ್ತಿದ್ದರು, ತಮ್ಮ ಸಂಜಯ್ ವೈರಸ್ ತೆಗೆಯುವ ಪ್ರೋಗ್ರಾಂ ಬರೆದರು. ರಿಪೇರಿಯವನಾಗಿ ನನಗೆ ಆ ಕತೆ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ಅದನ್ನು ಶಿಫಾರಸು ಅಂದುಕೊಳ್ಳಬೇಡಿ. ಬಿಟ್‌ಡಿಫೆಂಡರ್, ಈಸೆಟ್ ಕೂಡ ಒಳ್ಳೆಯವೇ, ಈಸೆಟ್ ಹಗುರ. ಯಾವುದೇ ತೆಗೆದುಕೊಂಡರೂ ಎರಡು ವಿಷಯ ನೋಡಿ. ಮೊದಲ ವರ್ಷದ ಬೆಲೆ ಕಡಿಮೆ ಇರುತ್ತದೆ, ರಿನ್ಯೂವಲ್ ಬೆಲೆ ನೋಡಿದರೆ ಎದೆ ಒಡೆಯುತ್ತದೆ, ಆಟೋ ರಿನ್ಯೂವಲ್ ಅನ್ನುವ ಟಿಕ್ ಇದ್ದರೆ ಮೊದಲ ದಿನವೇ ತೆಗೆಸಿ. ಇನ್ನೊಂದು, ‘ಟೋಟಲ್ ಸೆಕ್ಯೂರಿಟಿ’ ಅಂತ ವಿಪಿಎನ್, ಟ್ಯೂನ್ ಅಪ್, ಕ್ಲೀನರ್ ಎಲ್ಲ ಕಟ್ಟಿ ಕೊಡುತ್ತಾರೆ. ನಿಮ್ಮಂಥವರಿಗೆ ಅದರಲ್ಲಿ ಉಪಯೋಗಕ್ಕೆ ಬರುವುದು ಬರೀ ಒಳಗಿನ ಆಂಟಿವೈರಸ್ ಒಂದೇ.

ಪುಕ್ಕಟೆ ಸಿಗುವ ಬೇರೆ ಆಂಟಿವೈರಸ್‌ಗಳ ಬಗ್ಗೆ ನನಗೆ ಉತ್ಸಾಹ ಇಲ್ಲ. ಅವಾಸ್ಟ್ ಒಂದು ಕಾಲದಲ್ಲಿ ಮನೆಮನೆಯಲ್ಲೂ ಇತ್ತು, ನಾನೇ ನೂರಾರು ಕಂಪ್ಯೂಟರ್‌ಗೆ ಹಾಕಿದ್ದೇನೆ. ಆಮೇಲೆ ನೋಡಿದರೆ, ಜನ ಯಾವ ಯಾವ ಸೈಟ್ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಿಗೆ ಬಂತು. ಆ ಅಂಗಡಿ ಮುಚ್ಚಿದರು, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 165 ಲಕ್ಷ ಡಾಲರ್ ಕಟ್ಟಿಸಿತು. ಈಗ ಸರಿ ಇರಬಹುದು. ಆದರೆ ವಿಂಡೋಸ್ ಒಳಗೇ ಒಂದು ಪುಕ್ಕಟೆ ಇರುವಾಗ, ಎರಡು ದಿನಕ್ಕೊಮ್ಮೆ ‘ಪ್ರೀಮಿಯಂ ತಗೊಳ್ಳಿ’ ಅಂತ ಪೀಡಿಸುವ ಇನ್ನೊಂದು ಪುಕ್ಕಟೆ ಯಾಕೆ? ಅಂದಹಾಗೆ ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿಯವು. ‘ಅದು ಬೇಡ, ಇದು ಹಾಕಿ’ ಅಂತ ಜನ ಬದಲಾಯಿಸುವುದನ್ನು ನೋಡಿದರೆ ನಗು ಬರುತ್ತದೆ. ಕ್ಯಾಸ್ಪರ್‌ಸ್ಕಿ ಕೇಳುವವರೂ ಇದ್ದಾರೆ. ಹಿಡಿಯುವುದರಲ್ಲಿ ಅದು ಯಾವತ್ತೂ ಗಟ್ಟಿ, ಆದರೆ ರಷ್ಯಾದ ಕಂಪನಿ ಅನ್ನುವ ಕಾರಣಕ್ಕೆ ಅಮೆರಿಕ 2024ರಲ್ಲಿ ಅದರ ಮಾರಾಟ ನಿಲ್ಲಿಸಿತು. ನಮ್ಮಲ್ಲಿ ಸಿಗುತ್ತದೆ. ನಿಮ್ಮ ಮಗ ಅಮೆರಿಕದ ಕಂಪನಿಯ ಕೆಲಸವನ್ನು ಮನೆಗೆ ಬಂದಾಗ ಈ ಲ್ಯಾಪ್‌ಟಾಪ್‌ನಲ್ಲಿ ಮಾಡುವವನಾದರೆ ಒಂದು ಮಾತು ಅವನನ್ನೇ ಕೇಳಿ.

ಒಂದು ಘಟನೆ ಹೇಳುತ್ತೇನೆ, ಯಾವ ಆಂಟಿವೈರಸ್ ಅನ್ನುವ ಪ್ರಶ್ನೆಗೆ ನಾನು ಯಾಕೆ ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ ಗೊತ್ತಾಗುತ್ತದೆ. ನಮ್ಮೂರಿನ ಒಬ್ಬ ಫೋಟೋ ಸ್ಟುಡಿಯೋದವನು ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಿಪಿಯು ಹೊತ್ತು ನಿಂತಿದ್ದ. ಆನ್ ಮಾಡಿದರೆ ಮದುವೆ ಆಲ್ಬಂಗಳೆಲ್ಲ ಇವೆ, ಆದರೆ ಪ್ರತಿ ಫೋಟೋದ ಹೆಸರಿನ ಬಾಲಕ್ಕೆ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡಿವೆ, ಒಂದೂ ತೆರೆಯುವುದಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ನೋಟ್‌ಪ್ಯಾಡ್ ಫೈಲ್: 980 ಡಾಲರ್ ಕೊಡಿ, 72 ಗಂಟೆ ಒಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490. ಇದು ಸ್ಟಾಪ್ ಅನ್ನುವ ರ‍್ಯಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಜಗತ್ತಿನ ತುಂಬ ಮನೆ ಕಂಪ್ಯೂಟರ್‌ಗಳನ್ನೇ ಹಿಡಿದ ಜಾತಿ. ಅವನ ಕಂಪ್ಯೂಟರ್‌ನಲ್ಲಿ ದುಡ್ಡು ಕೊಟ್ಟ ಆಂಟಿವೈರಸ್ ಇತ್ತು, ಲೈಸೆನ್ಸ್ ಕೂಡ ಮುಗಿದಿರಲಿಲ್ಲ. ಹಾಗಾದರೆ ಹೇಗೆ ಬಂತು? ಹಿಂದಿನ ರಾತ್ರಿ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಪ್ರತಿ, ಇಳಿಸಿಕೊಂಡಿದ್ದ. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’. ಮಾಡಿದ್ದ. ಕಾವಲುಗಾರನಿಗೆ ರಜ ಕೊಟ್ಟು ಕಳ್ಳನಿಗೆ ಬಾಗಿಲು ತೆಗೆದ ಹಾಗಾಯಿತು. ಆಲ್ಬಂಗಳು ವಾಪಸ್ ಬರಲಿಲ್ಲ. ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಕಾಪಿ ಇದ್ದ ಎರಡು ಮದುವೆ ಮಾತ್ರ ಉಳಿದವು.

ಅದಕ್ಕೇ ನಾನು ಹೇಳುವುದು, ಆ 1,200ಕ್ಕೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಫೋಟೋ, ಬರಹ, ಪಿಂಚಣಿ ಕಾಗದ ಎಲ್ಲ ಕಾಪಿ ಮಾಡಿ, ಮಾಡಿದ ಮೇಲೆ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಕಿತ್ತಿಡುವುದೇ ಮುಖ್ಯ. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

ಕನ್ನಡ ಟೈಪಿಂಗ್ ಅಂದಿರಲ್ಲ, ಅಲ್ಲೊಂದು ಸಣ್ಣ ತಲೆನೋವು ಬರಬಹುದು. ಕನ್ನಡ ಟೈಪಿಂಗ್ ತಂತ್ರಾಂಶ ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಮಾಡುವುದು ಅದೇ ಕೆಲಸ, ಉದ್ದೇಶ ಮಾತ್ರ ಬೇರೆ. ಹಾಗಾಗಿ ಕೆಲವು ಸಲ ಆಂಟಿವೈರಸ್ ಪಾಪದ ತಂತ್ರಾಂಶವನ್ನೂ ಹಿಡಿದು ಕೂರಿಸುತ್ತದೆ. ನನ್ನ ಗಿರಾಕಿಯೊಬ್ಬರಿಗೆ ಪುಸ್ತಕದ ಪ್ರೂಫ್ ನಡುವೆಯೇ ಹೀಗಾಗಿ, ಅಕ್ಷರವೆಲ್ಲ ಇಂಗ್ಲಿಷಿನಲ್ಲಿ ಬೀಳತೊಡಗಿ, ಕೀಬೋರ್ಡ್ ಹಾಳಾಯಿತು ಅಂತ ಹೊಸ ಕೀಬೋರ್ಡ್ ಕೊಂಡಿದ್ದರು. ನುಡಿಯಾಗಲಿ ಬರಹವಾಗಲಿ ಅದರ ಸ್ವಂತ ಸೈಟಿನಿಂದಲೇ ಇಳಿಸಿಕೊಂಡಿದ್ದರೆ, ವಿಂಡೋಸ್ ಸೆಕ್ಯೂರಿಟಿಯ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಅಲೌ ಮಾಡಿ. ಯಾರದೋ ಪೆನ್ ಡ್ರೈವ್‌ನಿಂದ ಹಾಕಿಸಿಕೊಂಡದ್ದಾದರೆ ಅಲೌ ಮಾಡಬೇಡಿ, ತೆಗೆದು ಹೊಸದಾಗಿ ಹಾಕಿ. ಬರೀ ಯೂನಿಕೋಡ್ ಸಾಕು ಅನ್ನುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಈ ಗೋಜೇ ಇಲ್ಲ.

ಬ್ಯಾಂಕ್ ಕೆಲಸದ ಬಗ್ಗೆ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಈಗ ದುಡ್ಡು ಹೋಗುತ್ತಿರುವುದು ವೈರಸ್‌ನಿಂದ ಅಲ್ಲ, ಫೋನಿನಿಂದ ಜಾಸ್ತಿ. ಪರದೆ ತುಂಬ ‘ಮೈಕ್ರೋಸಾಫ್ಟ್ ಎಚ್ಚರಿಕೆ’ ಬಂದು, ಕಂಪ್ಯೂಟರ್ ಕಿರುಚಿಕೊಂಡು, ಈ ನಂಬರ್‌ಗೆ ಕರೆ ಮಾಡಿ ಅಂತ ಬಂದರೆ ಮಾಡಬೇಡಿ. ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಮುಚ್ಚಿ, ಆಗದಿದ್ದರೆ ಪವರ್ ಬಟನ್ ಹಿಡಿದು ಆರಿಸಿ. ಕರೆ ಮಾಡಿದವರು ಎನಿಡೆಸ್ಕ್ (ನಿಮ್ಮ ಕಂಪ್ಯೂಟರನ್ನು ದೂರದಿಂದಲೇ ನಡೆಸುವ ಸಾಫ್ಟ್‌ವೇರ್) ಹಾಕಿಕೊಳ್ಳಿ ಅಂತ ಹೇಳಿದರೆ ಅಲ್ಲಿಗೆ ಫೋನ್ ಇಡಿ. ಎನಿಡೆಸ್ಕ್ ಒಳ್ಳೇ ಸಾಫ್ಟ್‌ವೇರ್, ಹಾಗಾಗಿ ಯಾವ ಆಂಟಿವೈರಸ್ಸೂ ಸಾಮಾನ್ಯವಾಗಿ ತಡೆಯುವುದಿಲ್ಲ, ನಿಮ್ಮ ಕೈಯಾರೆ ಪರದೆ ಒಪ್ಪಿಸಿದ ಮೇಲೆ ಅದಕ್ಕೇನು ಗೊತ್ತು. ಏನಾದರೂ ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಇನ್ನು ಹಳೇ ಡೆಸ್ಕ್‌ಟಾಪ್. ನಿಜವಾಗಿ ಚಿಂತೆ ಮಾಡಬೇಕಾದದ್ದು ಇದಕ್ಕೆ, ನೀವು ಕೊನೆಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಅಂತ ಅವರೇ ಹೇಳಿದ್ದಾರೆ, ಅದನ್ನು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಕಳ್ಳರ ಫೋಟೋ ಪಟ್ಟಿ ಹೊಸದಾಗಿ ಬರುತ್ತಿರುತ್ತದೆ, ಗೋಡೆಯಲ್ಲಿ ಬಿದ್ದ ತೂತು ಮುಚ್ಚಲು ಮಾತ್ರ ಯಾರೂ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತನ್ನು ಅಲ್ಲಾಡಿಸಿದ್ದು ಇಂಥದ್ದೇ ತೂತಿನಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನೇ ಹರಿಯಿತು.

ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ ಒಂದು ಯೋಜನೆ ಇಟ್ಟಿದ್ದಾರೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ ಸೇರಬಹುದು, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಲಿಂಕ್ ಇರುತ್ತದೆ. ಅದು ಬರೀ ಉಸಿರು ತೆಗೆದುಕೊಳ್ಳುವ ಸಮಯ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಲೆಕ್ಕಕ್ಕೆ ಸಾಕು, ಆದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪೂ ಸುಮಾರು ಹೊಸ ಪ್ರೊಸೆಸರೂ ಬೇಕು, ನಿಮ್ಮದರಲ್ಲಿ ಅವು ಇರುವುದು ಅನುಮಾನ. ಈ ಹಳೇ ಡೆಸ್ಕ್‌ಟಾಪ್‌ಗೆ ಭಾರದ ಆಂಟಿವೈರಸ್ ಹಾಕಿದರೆ ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ, ಯಾಕೆಂದರೆ ಪ್ರತಿ ಫೈಲ್ ತೆರೆಯುವಾಗಲೂ ಅದು ಮೊದಲು ತಾನು ಓದಿ ನೋಡಬೇಕು, ಹಳೇ ಹಾರ್ಡ್ ಡಿಸ್ಕ್ ಓದುವುದೇ ತೆವಳಿಕೊಂಡು. ನನ್ನ ಕೈಗೆ ಕೊಟ್ಟರೆ ಹಳೇ ಡಿಸ್ಕ್ ಬದಲು ವೇಗದ ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ. ಯೂಟ್ಯೂಬ್, ಕನ್ನಡ ಯೂನಿಕೋಡ್ ಟೈಪಿಂಗ್ ಎಲ್ಲ ಆಗುತ್ತದೆ. ನುಡಿಯ ಹಳೇ ಫೈಲುಗಳ ಕೆಲಸವಿದ್ದರೆ ಲ್ಯಾಪ್‌ಟಾಪ್‌ನಲ್ಲೇ ಮಾಡಿಕೊಳ್ಳಿ. ಬ್ಯಾಂಕ್ ಕೆಲಸ ಮಾತ್ರ ಇವತ್ತಿನಿಂದಲೇ ಈ ಡೆಸ್ಕ್‌ಟಾಪ್‌ನಲ್ಲಿ ಬೇಡ.

ಅಂಗಡಿಯವರು ಆಂಟಿವೈರಸ್ ಡಬ್ಬಿ ಆಗಲೇ ಕೈಗೆ ಕೊಟ್ಟಿದ್ದರೆ, ಒಳಗಿನ ಕಾರ್ಡಿನ ಮೇಲೆ ಕೀ ಮುಚ್ಚಿರುವ ಬೆಳ್ಳಿ ಬಣ್ಣದ ಪಟ್ಟಿಯನ್ನು ಕೆರೆಯಬೇಡಿ. ಕೆರೆಯದಿದ್ದರೆ ಅವರು ವಾಪಸ್ ತೆಗೆದುಕೊಂಡು ಅದೇ ದುಡ್ಡನ್ನು ಹಾರ್ಡ್ ಡಿಸ್ಕ್‌ಗೆ ವಜಾ ಮಾಡಿಕೊಡಬಹುದು, ಕೇಳಿ ನೋಡಿ. ನಾನಾಗಿದ್ದರೆ ಮಾಡಿಕೊಡುತ್ತಿದ್ದೆ.